ದೇವರಗುಡ್ಡ: ಊರಲ್ಲ, ಬೆಟ್ಟವೂ ಅಲ್ಲ

ಮೊನ್ನೆ ವಾಟ್ಸಾಪಿನಲ್ಲಿ ಒಂದು ಜಾನಪದ ಉತ್ಸವದ ಆಹ್ವಾನ ಪತ್ರಿಕೆ ಬಂತು. ಸಂಜೆಯ ಕಾರ್ಯಕ್ರಮ: "ದೇವರಗುಡ್ಡದ ಕಲಾವಿದರಿಂದ ಕಂಸಾಳೆ ನೃತ್ಯ". ಈ ತಪ್ಪು ಕಣ್ಣಿಗೆ ಬಿದ್ದದ್ದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ದೇವರಗುಡ್ಡ ಎಂಬ ಊರು ಇಲ್ಲವೆಂದಲ್ಲ. ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ, ಅಲ್ಲಿ ಮಾಲತೇಶನ ಗುಡಿಯಿದೆ, ಆ ದೇವರಿಗೆ ನಡೆದುಕೊಳ್ಳುವ ಗೊರವರಿದ್ದಾರೆ, ಭವಿಷ್ಯ ನುಡಿಯುವ ಕಾರಣಿಕವೂ ನಡೆಯುತ್ತದೆ. ಆದರೆ ಕಂಸಾಳೆಯೆಂಬ ತಾಳ ಹಿಡಿದು ಮಲೆ ಮಾದೇಶ್ವರನ ಕಥೆ ಹಾಡುವವರಿಗೂ ಆ ಊರಿಗೂ ಸಂಬಂಧವಿಲ್ಲ. ಇವರು ಚಾಮರಾಜನಗರ, ಮೈಸೂರು, ಮಂಡ್ಯದ ಕಡೆಯವರು. ಊರು ಯಾವುದೇ ಇರಲಿ, ಇವರೇ ದೇವರಗುಡ್ಡರು. ಅದು ಜನರ ಹೆಸರು, ವಿಳಾಸವಲ್ಲ.

ಗುಡ್ಡ ಎಂದ ಕೂಡಲೇ ನಮಗೆಲ್ಲ ಕಣ್ಣ ಮುಂದೆ ಬರುವುದು ಬೆಟ್ಟದ ತಮ್ಮ. ಮಾದೇಶ್ವರನೂ ಮಲೆಯಲ್ಲಿ, ಎಪ್ಪತ್ತೇಳು ಮಲೆಯ ನಡುವೆ ಕೂತವನು, ಹಾಗಾಗಿ ದಾರಿ ತಪ್ಪುವುದು ಇನ್ನೂ ಸುಲಭ. ಆದರೆ ಕನ್ನಡದಲ್ಲಿ ಇನ್ನೊಂದು ಗುಡ್ಡ ಇದೆ. ಅದನ್ನು ನೋಡಬೇಕೆಂದರೆ ಶ್ರವಣಬೆಳಗೊಳದ ಜೈನ ಶಾಸನಗಳಿಗೆ ಹೋಗಬೇಕು. ಅಲ್ಲಿ ಗುಡ್ಡ ಎಂದರೆ ಶಿಷ್ಯ. ಅದರಲ್ಲೂ ಮನೆಮಠ ಬಿಟ್ಟು ಮುನಿಯಾದವನಲ್ಲ. ಸಂಸಾರದಲ್ಲಿದ್ದುಕೊಂಡೇ ಒಬ್ಬ ಗುರುವಿಗೆ ನಡೆದುಕೊಳ್ಳುವವನು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಶುಭಚಂದ್ರ ಸಿದ್ಧಾಂತದೇವರ ಗುಡ್ಡ. ಹೆಣ್ಣಾದರೆ ಗುಡ್ಡಿ: 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ ಶಾಂತಲೆ ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿ. ದಂಡನಾಯಕನೂ ಪಟ್ಟದರಸಿಯೂ ಹೆಮ್ಮೆಯಿಂದ ಕಲ್ಲಿನ ಮೇಲೆ ಬರೆಸಿಕೊಂಡ ಬಿರುದನ್ನು ಇವತ್ತು ನಾವು ಪಿನ್‌ಕೋಡ್ ಮಾಡಿಕೊಂಡಿದ್ದೇವೆ.

"ಸಿದ್ಧಾಂತದೇವರ ಗುಡ್ಡ" ಎಂಬುದನ್ನು ಇನ್ನೊಮ್ಮೆ ಬಾಯಿಬಿಟ್ಟು ಓದಿ. "ದೇವರ ಗುಡ್ಡ" ಎಂಬ ಎರಡು ಮಾತೂ ಅಲ್ಲೇ ಕೂತಿವೆ. ಅಲ್ಲಿಯ ದೇವರು ಗುರುವಿಗೆ ಸಲ್ಲುವ ಗೌರವ, ಇಲ್ಲಿಯ ದೇವರು ಮಾದೇಶ್ವರ, ಅಷ್ಟೇ ವ್ಯತ್ಯಾಸ. ವ್ಯಾಕರಣ ಮಾತ್ರ ಒಂದೇ: ಗುಡ್ಡ ಯಾವತ್ತೂ ಒಬ್ಬನೇ ನಿಲ್ಲುವ ಪದವಲ್ಲ, ಯಾರ ಗುಡ್ಡ ಎಂದು ಕೇಳಿಸಿಕೊಳ್ಳುವ ಪದ. ಇದರಿಂದ ಮಾದೇಶ್ವರನ ಒಕ್ಕಲೆಲ್ಲ ಹಿಂದೆ ಜೈನರಾಗಿದ್ದರು ಎಂದು ಯಾರೂ ಹೊರಡಬೇಡಿ. ಪದಗಳು ಬಸದಿಯಿಂದ ಗುಡಿಗೆ ಯಾರನ್ನೂ ಕೇಳದೆ ನಡೆದು ಹೋಗುತ್ತವೆ.

ಈ ಹಳೆಯ ಅರ್ಥ ಇಂದಿನ ದೇವರಗುಡ್ಡರಿಗೂ ಸರಿಯಾಗಿ ಒಪ್ಪುತ್ತದೆ. ಮಕ್ಕಳಾಗದವರು, ಕಾಯಿಲೆಯಲ್ಲಿ ನರಳಿದವರು ಮಾದಪ್ಪನಿಗೆ ಹರಕೆ ಹೊರುತ್ತಾರೆ, ಹುಟ್ಟಿದ ಗಂಡುಮಗನನ್ನು ಗುಡ್ಡನಾಗಿ ಬಿಡುತ್ತಾರೆ. ದೀಕ್ಷೆಯಾದರೆ ರುದ್ರಾಕ್ಷಿ, ಜೋಳಿಗೆ, ಕಂಸಾಳೆ. ಆಮೇಲೂ ಅವನು ಹೊಲ ಉಳುತ್ತಾನೆ, ಮದುವೆಯಾಗುತ್ತಾನೆ. ಸನ್ಯಾಸಿಯಲ್ಲ. ಮನೆ ಮನೆ ಮುಂದೆ ಹಾಡಿ ಭಿಕ್ಷೆ ಪಡೆದರೂ ಭಿಕ್ಷುಕನಲ್ಲ, ಅದು ವ್ರತ. ಹೆಚ್ಚಿನವರು ಹಾಲುಮತದವರು, ಅಂದರೆ ಕುರುಬರು, ಆದರೆ ಹರಕೆಗೆ ಜಾತಿಯ ಬೇಲಿಯಿಲ್ಲದ ಕಾರಣ ಬೇರೆಯವರೂ ಉಂಟು. (ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಬೇರೆ, ಅವರ ಕೈಯಲ್ಲಿರುವುದು ತಂಬೂರಿ. ಇಬ್ಬರನ್ನೂ ಬೆರೆಸಿ ಒಂದೇ ಫೋಟೊ ಹಾಕುವವರ ಬಗ್ಗೆ ಇನ್ನೊಂದು ದಿನ ಜಗಳವಾಡೋಣ.)

"ಕಂಸಾಳೆ ನೃತ್ಯ" ಎಂಬುದಕ್ಕೂ ಎರಡು ಮಾತು. ಕಂಸಾಳೆ ವಾದ್ಯ, ಕಾಂಸ್ಯತಾಳ, ಅಂದರೆ ಕಂಚಿನ ತಾಳ, ಎಂಬುದೇ ಸವೆದು ಕಂಸಾಳೆಯಾದದ್ದು. ಎಡ ಅಂಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಾಳ. ತಾಳವನ್ನು ಮೈಸುತ್ತ ಬೀಸಿ ಬಟ್ಟಲಿಗೆ ತಾಗಿಸುತ್ತ ಕುಣಿಯುವುದು ಬೀಸು ಕಂಸಾಳೆ. ನೋಡಲು ಚೆಂದ, ನನ್ನ ತಕರಾರಿಲ್ಲ. ಆದರೆ ವೇದಿಕೆಯ ಎಂಟು ನಿಮಿಷಕ್ಕೆ ಉಳಿದದ್ದು ಅದೊಂದೇ. ಊರಿನಲ್ಲಿ ಯಾರೂ "ನೃತ್ಯ ಮಾಡಿಸ್ತೀವಿ" ಎನ್ನುವುದಿಲ್ಲ, "ಕಥೆ ಮಾಡಿಸ್ತೀವಿ" ಎನ್ನುತ್ತಾರೆ. ಕಥೆ ಮಾಡುವುದೆಂದರೆ ರಾತ್ರಿಯಿಡೀ ಕೂತು ಹಾಡುವುದು, ನಡುನಡುವೆ ಮಾತಿಗಿಳಿಯುವುದು, ಅತ್ತೆಯೂ ತಾನೇ ಸೊಸೆಯೂ ತಾನೇ ಆಗುವುದು. ಪರದೆಯಿಲ್ಲ, ವೇಷ ಬದಲಾಗುವುದಿಲ್ಲ, ಆದರೂ ಅದು ನಾಟಕವೇ.

ಈ ಕಥೆಯ ಭಾಗಗಳಿಗೆ ಅಧ್ಯಾಯ, ಪರ್ವ ಎನ್ನುವುದಿಲ್ಲ, ಸಾಲು ಎನ್ನುತ್ತಾರೆ. ಒಂದೊಂದು ಸಾಲಿನಲ್ಲಿ ಒಂದೊಂದು ಮನೆ. ಕುರಿ ಮಂದೆಯ ಆಲಂಬಾಡಿ ಜುಂಜೇಗೌಡ, ಭಿಕ್ಷೆ ಇಕ್ಕಲೊಲ್ಲದ ಸಿರಿವಂತೆ ಬೇವಿನಹಟ್ಟಿ ಕಾಳಮ್ಮ, ಕಾಡಿನ ಸೋಲಿಗರ ಸಂಕಮ್ಮ. ನನಗೆ ಎಲ್ಲಕ್ಕಿಂತ ಇಷ್ಟ ಸಂಕಮ್ಮನ ಸಾಲು. ಗಂಡ ನೀಲಯ್ಯ ಜೇನಿಗೆ ಹೊರಟವನು, ತಾನಿಲ್ಲದಾಗ ತಪ್ಪು ಮಾಡೆನೆಂದು ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ತಪ್ಪಿಲ್ಲದವಳು ಯಾಕೆ ಕೊಡಬೇಕು? ಹಿಂಸೆ ಕೊಟ್ಟು, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದೇಶ್ವರ ಬರುವುದು ಆಗ. ಅವನ ವರದಿಂದ ಹುಟ್ಟಿದ ಮಕ್ಕಳು ಕಾರಯ್ಯ, ಬಿಲ್ಲಯ್ಯ; ಕಾರಯ್ಯನನ್ನು ಸೋಲಿಗರು ತಮ್ಮ ಮೂಲಪುರುಷ ಎನ್ನುತ್ತಾರೆ.

ಈಗ ಚಿತ್ರವನ್ನು ಕೂಡಿಸಿ ನೋಡಿ. ಬಯಲುಸೀಮೆಯ ಹಟ್ಟಿಯಲ್ಲಿ ಕುರುಬರ ಗುಡ್ಡನೊಬ್ಬ ಕೂತು, ಒಕ್ಕಲಿಗರ ಮನೆಯ ಜಗಲಿಯಲ್ಲಿ, ಕಾಡಿನ ಸೋಲಿಗ ಹೆಣ್ಣಿನ ಸಂಕಟವನ್ನು ಅವಳದೇ ದನಿಯಲ್ಲಿ ಹಾಡುತ್ತಿದ್ದಾನೆ. ಕೇಳುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಭಾಷಣಗಳಲ್ಲಿ "ಸಮುದಾಯಗಳ ನಡುವಿನ ಸೇತುವೆ" ಎನ್ನುತ್ತಾರಲ್ಲ, ಆ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಈ ಜಗಲಿಯಲ್ಲಿದೆ. ಬೇರೆಯವರ ಮನೆಯ ನೋವು ಹಾಡಲು ಇವನಿಗೆ ಹಕ್ಕು ಕೊಟ್ಟದ್ದು ಜಾತಿಯಲ್ಲ, ಊರಲ್ಲ, ಗುಡ್ಡತನ. ಆ ಪದವನ್ನು ಊರಾಗಿಸಿದ ದಿನ ಈ ಎಳೆ ತಪ್ಪಿಹೋಗುತ್ತದೆ, ಅದಕ್ಕೇ ನನಗೆ ಸಿಟ್ಟು.

ಆಹ್ವಾನ ಪತ್ರಿಕೆ ಕಳಿಸಿದವರಿಗೆ ಇಷ್ಟನ್ನೂ ಚಿಕ್ಕದಾಗಿ ಬರೆದು, "ದೇವರಗುಡ್ಡರಿಂದ ಮಾದೇಶ್ವರನ ಕಥೆ" ಎಂದು ಹಾಕಿ ಸಾಕು ಎಂದೆ. ಧನ್ಯವಾದ ಹೇಳಿದರು. ಮರುದಿನ ತಿದ್ದಿದ ಪ್ರತಿ ಬಂತು: "ಮಾದೇಶ್ವರ ಬೆಟ್ಟದ ಗುಡ್ಡಗಾಡು ಕಲಾವಿದರಿಂದ ಕಂಸಾಳೆ ನೃತ್ಯ".