ಐರಿಶ್ ಕಥೆಗಳ ಫೇರಿಗಳು ಸತ್ತವರೇನಾ?

ಪ್ರಶ್ನೆ: ಐರ್ಲೆಂಡಿನ ಕಥೆಗಳಲ್ಲಿ ಫೇರಿಗಳು ದಿಬ್ಬಗಳ ಒಳಗೆ ಇರುತ್ತಾರೆ. ಆ ದಿಬ್ಬಗಳು ನೋಡಿದರೆ ಹಳೆಯ ಗೋರಿಗಳು. ಹಾಗಾದರೆ ಫೇರಿಗಳು ಅಂದರೆ ಸತ್ತವರೇ ಅಲ್ವಾ?

ಹಳೆಯ ಕಥೆಗಳ ಮಟ್ಟಿಗೆ ಹೇಳೋದಾದರೆ, ಅಲ್ಲ. ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಲ್ಲಿನ ಹಳ್ಳಿಯವರೂ ಮುಂದೆ ಎರಡನ್ನೂ ಬೆರೆಸಿಬಿಟ್ಟರು.

ಮೊದಲು ರೆಕ್ಕೆ ಇರುವ ಪುಟ್ಟ ಕಿನ್ನರಿಯ ಚಿತ್ರ ಮರೆತುಬಿಡಿ. ಐರಿಶ್‌ನಲ್ಲಿ ಇವರ ಹೆಸರು 'ಈಸ್ ಶೀ', ಅಂದರೆ ದಿಬ್ಬದ ಜನ. ಇವರು ನಮ್ಮಷ್ಟೇ ಎತ್ತರ. ದನ ಸಾಕುತ್ತಾರೆ, ಮದುವೆಯಾಗುತ್ತಾರೆ, ಜಗಳ ಆಡುತ್ತಾರೆ. ಮಧ್ಯಯುಗದ ಕಥೆಗಳ ಪ್ರಕಾರ ಇವರು ಟೂಹಾ ಡೇ ಡಾನನ್ ಎಂಬ ದೇವರಂಥ ಕುಲದವರು. ಮಿಲ್ ಎಂಬವನ ಮಕ್ಕಳು ಸಮುದ್ರ ದಾಟಿ ಬಂದು ಇವರನ್ನು ಸೋಲಿಸಿದರು, ಆಮೇಲೆ ದೇಶವನ್ನು ಪಾಲು ಮಾಡಿದಾಗ ನೆಲದ ಮೇಲಿನದು ಮನುಷ್ಯರಿಗೆ, ನೆಲದ ಕೆಳಗಿನದು ಇವರಿಗೆ ಅಂತ ಆಯಿತು. ಗಮನಿಸಿ, ಇವರು ಸತ್ತು ಕೆಳಗೆ ಹೋದವರಲ್ಲ. ಸೋತು ಹೋದವರು.

ಸತ್ತವರಿಗೆ ಬೇರೆಯೇ ಮನೆ ಇದೆ. ಆ ಮಿಲ್‌ನ ಮಕ್ಕಳಲ್ಲಿ ಡೊನ್ ಎಂಬವನು ದಡ ಸೇರುವ ಮೊದಲೇ ಮುಳುಗಿ ಸತ್ತ. ನೈಋತ್ಯ ಕರಾವಳಿಯಲ್ಲಿ, ಬೇರಾ ಭೂಶಿರದ ಆಚೆ ಸಮುದ್ರದಲ್ಲಿರುವ ಬುಲ್ ರಾಕ್ ಎಂಬ ಬಂಡೆಯನ್ನು 'ಡೊನ್‌ನ ಮನೆ' ಅಂತ ಗುರುತಿಸುತ್ತಾರೆ. ಬಂಡೆಯನ್ನು ತೂರಿಕೊಂಡು ಒಂದು ಸಹಜ ಸುರಂಗವಿದೆ, ಅದರೊಳಗೆ ಅಲೆಗಳು ನುಗ್ಗಿ ಆಚೆ ಬರುತ್ತವೆ. ಸತ್ತಮೇಲೆ ನೀವೆಲ್ಲ ನನ್ನ ಮನೆಗೇ ಬರಬೇಕು ಎಂದು ಡೊನ್ ಹೇಳಿದ ಅನ್ನುವ ಮಾತು ಒಂದು ಹಳೆಯ ಕವಿತೆಯಲ್ಲಿದೆ. ಆ ಮಾತಿನಲ್ಲಿ ಶಿಕ್ಷೆಯೂ ಇಲ್ಲ, ತೀರ್ಪೂ ಇಲ್ಲ.

ಹಾಗಾದರೆ ಗೋರಿಯೊಳಗೆ ದಿಬ್ಬದ ಜನ ಹೇಗೆ ಬಂದರು? ನ್ಯೂಗ್ರೇಂಜ್ ದಿಬ್ಬವನ್ನೇ ನೋಡಿ. ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದ್ದು, ಗೀಜಾದ ಪಿರಮಿಡ್‌ಗಳಿಗಿಂತ ಹಳೆಯದು. ವರ್ಷದ ಅತಿ ಚಿಕ್ಕ ಹಗಲಿನ ಸಮಯದಲ್ಲಿ ಸೂರ್ಯ ಹುಟ್ಟುತ್ತಿದ್ದಂತೆ ಬಿಸಿಲು ಸುಮಾರು 17 ನಿಮಿಷ ಒಳಗಿನ ಕೋಣೆಯವರೆಗೂ ಹರಿಯುತ್ತದೆ. ಉತ್ಖನನ ಮಾಡಿದಾಗ ಅಲ್ಲಿ ಮನುಷ್ಯರ ಮೂಳೆಗಳೂ ಸಿಕ್ಕಿವೆ. ಆದರೆ ಕಥೆ ಹೇಳಿದವರಿಗೆ ಕಟ್ಟಿದವರ ನೆನಪೇ ಇರಲಿಲ್ಲ. ಸಾವಿರಾರು ವರ್ಷ ಕಳೆದಿತ್ತು. ಇಷ್ಟು ದೊಡ್ಡದನ್ನು ದೇವರೇ ಕಟ್ಟಿಕೊಂಡಿರಬೇಕು ಅಂದುಕೊಂಡು, ಅದನ್ನು ದಾಗ್ದಾ ಎಂಬ ದೇವರ ಮನೆ ಮಾಡಿದರು.

ಆ ಮನೆಯನ್ನು ಮಗ ಏಂಗಸ್ ಗೆದ್ದುಕೊಂಡ ಕಥೆ ನನಗೆ ತುಂಬಾ ಇಷ್ಟ. 'ಹಗಲು ರಾತ್ರಿ ಇಲ್ಲಿರಲು ಬಿಡು' ಎಂದು ಕೇಳುತ್ತಾನೆ. ಒಂದು ದಿನದ ಮಾತು ತಾನೇ ಅಂತ ಅಪ್ಪ ಒಪ್ಪುತ್ತಾನೆ. ಮಾರನೇ ದಿನ ಏಂಗಸ್ ಏಳುವುದೇ ಇಲ್ಲ: ಲೋಕ ನಡೆಯುವುದೇ ಹಗಲು ರಾತ್ರಿಗಳಲ್ಲಿ, ಹಾಗಾಗಿ ಮನೆ ಎಂದೆಂದಿಗೂ ನನ್ನದು! ಇಂಗ್ಲಿಷಿನಲ್ಲಿ ಈ ಮಾತಿನ ಆಟ ಕೂರುವುದಿಲ್ಲ, ಕನ್ನಡದಲ್ಲಿ ಹಾಗೇ ಕೂರುತ್ತದೆ.

ಬೆರಕೆ ಜಾಸ್ತಿ ಆಗಿದ್ದು ಈಚಿನ ಜನಪದದಲ್ಲಿ. ಎಳೆ ವಯಸ್ಸಿನಲ್ಲಿ ತೀರಿಕೊಂಡವರನ್ನು ದಿಬ್ಬದ ಜನ ಎತ್ತಿಕೊಂಡು ಹೋದರು ಅನ್ನುತ್ತಿದ್ದರು. ರಾತ್ರಿ ದಾರಿ ತಪ್ಪಿ ಅವರ ಔತಣದ ನಡುವೆ ಸಿಕ್ಕಿಕೊಂಡವನಿಗೆ, ಹೋದ ವರ್ಷ ಸತ್ತ ನೆರೆಮನೆಯ ಹುಡುಗಿ ಕಾಣಿಸುತ್ತಾಳೆ, ಏನನ್ನೂ ತಿನ್ನಬೇಡ, ತಿಂದರೆ ವಾಪಸ್ ಹೋಗಲಾರೆ ಅಂತ ಪಿಸುಗುಡುತ್ತಾಳೆ. ಮಗಳನ್ನು ಕಳೆದುಕೊಂಡ ಮನೆಯಲ್ಲಿ ಇಂಥ ಕಥೆ ಯಾಕೆ ನಿಂತಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಹಳೆಯ ಕಥೆಗಳಲ್ಲಿ ಎರಡೂ ಹೇಗೆ ಬೇರೆ ಅನ್ನುವುದಕ್ಕೆ ನೆರಾ ಎಂಬವನ ಕಥೆ ಸಾಕು. ಚಳಿಗಾಲ ಶುರುವಾಗುವ ಸೌಇನ್ ಹಬ್ಬದ ರಾತ್ರಿ. ಕ್ರುವಾಖನ್ ಅರಮನೆಯಲ್ಲಿ ಒಲೆಯ ಮೇಲೆ ಅಡುಗೆ ಬೇಯುತ್ತಿದೆ. ನೇಣಿಗೆ ಹಾಕಿದವನ ಕಾಲಿಗೆ ಬಳ್ಳಿ ಕಟ್ಟಿ ಬಂದವನಿಗೆ ಬಹುಮಾನ ಅನ್ನುತ್ತಾನೆ ರಾಜ. ನೆರಾ ಹೋಗುತ್ತಾನೆ. ಹೆಣ ಮಾತಾಡುತ್ತದೆ, 'ಬಾಯಾರಿದೆ, ನೀರು ಕುಡಿಸು' ಅನ್ನುತ್ತದೆ. ಹೊತ್ತುಕೊಂಡು ಹೋಗಿ ಕುಡಿಸಿ, ಮತ್ತೆ ನೇಣಿಗೇ ತಂದು ಬಿಡುತ್ತಾನೆ. ಸತ್ತವನ ಕಥೆ ಅಲ್ಲಿಗೆ ಮುಗಿಯಿತು. ತಿರುಗಿ ನೋಡಿದರೆ ಅರಮನೆ ಉರಿಯುತ್ತಿದೆ. ಬೆಂಕಿ ಇಟ್ಟ ಸೈನ್ಯದ ಹಿಂದೆ ಹೋಗಿ ಅಲ್ಲಿನ ಗುಹೆಯೊಳಗೆ ಇಳಿಯುತ್ತಾನೆ. ದಿಬ್ಬದ ಜನರ ಲೋಕ ಅದು. ಅಲ್ಲೇ ಮದುವೆಯಾಗುತ್ತಾನೆ. ನೀನು ನೋಡಿದ ಬೆಂಕಿ ಇನ್ನೂ ನಡೆದಿಲ್ಲ, ಎಚ್ಚರಿಸದಿದ್ದರೆ ಮುಂದೆ ನಡೆಯುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಅಲ್ಲಿಗೆ ಹೋಗಿಬಂದೆ ಅಂದರೆ ನಂಬುವುದಿಲ್ಲವಲ್ಲ, ಅದಕ್ಕೆ ಬೇಸಿಗೆಯ ಹೂಗಳನ್ನು ಕೊಟ್ಟು ಕಳಿಸುತ್ತಾಳೆ. ಅಷ್ಟು ದಿನ ಕಳೆದು ಮೇಲೆ ಬಂದರೆ, ಜನ ಇನ್ನೂ ಅದೇ ಒಲೆಯ ಸುತ್ತ ಕೂತಿದ್ದಾರೆ.

ಆಮೇಲೆ ರಾಜನ ಸೈನ್ಯ ಆ ಗುಹೆಯನ್ನು ಲೂಟಿ ಮಾಡುತ್ತದೆ. ನೆರಾ ಮಾತ್ರ ಒಳಗೇ ಉಳಿಯುತ್ತಾನೆ, ತನ್ನವರ ಜೊತೆ. ಲೋಕ ಮುಗಿಯುವವರೆಗೂ ಅವನು ಹೊರಗೆ ಬರುವುದಿಲ್ಲ ಎನ್ನುತ್ತದೆ ಕಥೆ. ಸತ್ತ ಅಂತ ಮಾತ್ರ ಎಲ್ಲೂ ಹೇಳುವುದಿಲ್ಲ.