ಅಂಗವೈಕಲ್ಯ ಇರುವವರು ಕನ್ಯಾಸ್ತ್ರೀ ಆಗಬಹುದೇ? ಶಾಲೆಯಲ್ಲಿ ಪಾಠ ಹೇಳಬಹುದೇ?

ಪ್ರಶ್ನೆ: ಕಣ್ಣು ಕಾಣದ ಅಥವಾ ನಡೆಯಲು ಕಷ್ಟಪಡುವ ಯುವತಿಯನ್ನು ಕಾನ್ವೆಂಟಿಗೆ ಸೇರಿಸಿಕೊಳ್ಳುತ್ತಾರೆಯೇ? ಸೇರಿಸಿಕೊಂಡರೂ ಬೋಧನೆಯಂಥ ಕೆಲಸವನ್ನು ಆಕೆಗೆ ಒಪ್ಪಿಸುತ್ತಾರೆಯೇ?

ಉತ್ತರ: ಸೇರಿಸಿಕೊಳ್ಳಬಾರದು ಎಂದು ಕಥೋಲಿಕ ಧರ್ಮಸಭೆಯ ಕಾನೂನು ಹೇಳುವುದಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 642ನೇ ವಿಧಿ ಕೇಳುವುದು ತಕ್ಕ ವಯಸ್ಸು, ಆರೋಗ್ಯ, ಹೊಂದಿಕೊಳ್ಳುವ ಸ್ವಭಾವ ಮತ್ತು ಸಾಕಷ್ಟು ಪ್ರಬುದ್ಧತೆಯನ್ನು. ಆರೋಗ್ಯವೆಂದರೆ ಇಲ್ಲಿ ಆಯಾ ಸಂಸ್ಥೆಯ ಜೀವನಕ್ರಮವನ್ನು ನಡೆಸಲು ಬೇಕಾದಷ್ಟು ಆರೋಗ್ಯ. ಆಸ್ಪತ್ರೆಯ ವಾರ್ಡುಗಳಲ್ಲಿ ರಾತ್ರಿ ಹಗಲು ದುಡಿಯುವ ಸಿಸ್ಟರ್‌ಗಳಿಗೆ ಬೇಕಾದ ಮೈಬಲ ಬೇರೆ, ಮಠದೊಳಗೇ ಇದ್ದು ಪ್ರಾರ್ಥಿಸುವವರಿಗೆ ಬೇಕಾದದ್ದು ಬೇರೆ. ತೀರ್ಮಾನ ಆಯಾ ಸಂಸ್ಥೆಯ ಮೇಲಧಿಕಾರಿಗಳದು. ಆದ್ದರಿಂದ ಒಂದು ಕಡೆ ಬೇಡವೆಂದರೆ ಎಲ್ಲ ಕಡೆಯೂ ಬೇಡವೆಂದಂತೆ ಆಗುವುದಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮೊದಲ ನಿರಾಕರಣೆಗೇ ಆಸೆ ಬಿಡುವವರು ಬಹಳ.

ಬೋಧನೆಯ ವಿಷಯಕ್ಕೆ ಬಂದರೆ, ಪೋಲೆಂಡಿನ ರೋಜಾ ಚಾಟ್ಸ್ಕಾ ಅವರ ಬದುಕಿಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1876ರಲ್ಲಿ ಸಿರಿವಂತ ಮನೆತನದಲ್ಲಿ ಹುಟ್ಟಿದ ಅವರ ಕಣ್ಣು ಮೊದಲಿನಿಂದಲೂ ದುರ್ಬಲ. ಕುದುರೆಯಿಂದ ಬಿದ್ದ ನಂತರ, 22ನೇ ವಯಸ್ಸಿನಲ್ಲಿ, ದೃಷ್ಟಿ ಪೂರ್ತಿ ಹೋಯಿತು. ಇನ್ನು ಚಿಕಿತ್ಸೆಗೆಂದು ಅಲೆಯುವ ಬದಲು ಅಂಧರಿಗಾಗಿ ಕೆಲಸ ಮಾಡು ಎಂದು ಕಣ್ಣಿನ ವೈದ್ಯರೇ ಹೇಳಿದರು. ಅವರು ಉಬ್ಬಿದ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿತರು, ಯುರೋಪಿನ ಇತರ ದೇಶಗಳಲ್ಲಿ ಅಂಧರಿಗೆ ಹೇಗೆ ಕಲಿಸುತ್ತಾರೆಂದು ತಿಳಿಯಲು ಪ್ರವಾಸ ಮಾಡಿದರು, 1911ರಲ್ಲಿ ವಾರ್ಸಾದಲ್ಲಿ ಅಂಧರ ಪಾಲನೆಗಾಗಿ ಒಂದು ಸಂಘ ಕಟ್ಟಿದರು. 1918ರಲ್ಲಿ ಎಲ್ಜ್‌ಬಿಯೆಟಾ ಎಂಬ ಹೆಸರಿನ ಕನ್ಯಾಸ್ತ್ರೀಯಾಗಿ, ಶಿಲುಬೆಯ ಸೇವಕಿಯರಾದ ಫ್ರಾನ್ಸಿಸ್ಕನ್ ಭಗಿನಿಯರ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಕಣ್ಣಿರುವ ಸಿಸ್ಟರ್‌ಗಳ ಜೊತೆಗೆ ಅಂಧ ಯುವತಿಯರಿಗೂ ಪ್ರವೇಶವಿತ್ತು.

ಅವರು ಮಾಡಿದ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಬ್ರೈಲ್ ಹುಟ್ಟಿದ್ದು ಫ್ರೆಂಚ್ ಭಾಷೆಗೆ. ಪೋಲಿಷ್‌ನಲ್ಲಿ ಫ್ರೆಂಚಿನಲ್ಲಿಲ್ಲದ ಅಕ್ಷರಗಳಿವೆ. ಅವುಗಳಿಗೂ ಅದೇ ಆರು ಚುಕ್ಕೆಗಳೊಳಗೆ ಜಾಗ ಹುಡುಕಬೇಕು. ಕೈಯಲ್ಲಿ ಬರೆಯುವುದಂತೂ ತಾಳ್ಮೆಯ ಕೆಲಸ: ದಪ್ಪ ಕಾಗದದ ಹಿಂಬದಿಯಲ್ಲಿ ಮೊನಚಾದ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು, ಹಾಳೆ ಮಗುಚಿದಾಗ ಉಬ್ಬಿದ ಚುಕ್ಕೆಗಳು ಎಡದಿಂದ ಬಲಕ್ಕೆ ಬೆರಳಿಗೆ ಸಿಗುತ್ತವೆ. ಅಕ್ಷರ ಅಕ್ಷರವನ್ನೂ ಬಿಡಿಸಿ ಬರೆದರೆ ಪುಸ್ತಕ ಹೊರಲಾರದಷ್ಟು ದಪ್ಪವಾಗುತ್ತದೆ, ಓದುವ ವೇಗವೂ ಕುಸಿಯುತ್ತದೆ. ಹಾಗಾಗಿ ಅಕ್ಷರಮಾಲೆಯಷ್ಟೇ ಅಲ್ಲದೆ ಸಂಕ್ಷೇಪ ಚಿಹ್ನೆಗಳನ್ನೂ ಮದರ್ ಎಲ್ಜ್‌ಬಿಯೆಟಾ ತಮ್ಮ ಸಹಕಾರಿಗಳೊಂದಿಗೆ ರೂಪಿಸಿದರು. 1934ರಲ್ಲಿ ಸರ್ಕಾರ ಅದನ್ನು ಶಾಲೆಗಳಿಗಾಗಿ ಅಂಗೀಕರಿಸಿತು. ಮಗುವಿನ ಬೆರಳು ಯಾವ ಚುಕ್ಕೆಯಲ್ಲಿ ತಡವರಿಸುತ್ತದೆ ಎಂಬುದು ತಮ್ಮದೇ ಬೆರಳಿನಿಂದ ಓದುವ ಗುರುವಿಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತಿರಲು ಸಾಧ್ಯ?

ವಾರ್ಸಾ ಸಮೀಪದ ಲಾಸ್ಕಿಯಲ್ಲಿ 1922ರಿಂದ ಬೆಳೆದ ಅವರ ಶಾಲೆ ಓದಿನ ಜೊತೆಗೆ ಕೈಕಸುಬನ್ನೂ ಕಲಿಸಿತು. ದಾನಕ್ಕೆ ಕೈಯೊಡ್ಡದೆ ದುಡಿದು ಬದುಕುವಂತಾಗಬೇಕು ಎಂಬುದು ಅವರ ಹಟ. 1939ರ ಬಾಂಬ್ ದಾಳಿಯಲ್ಲಿ ಸ್ವತಃ ಗಾಯಗೊಂಡರೂ ಹಾಳಾದ ಶಾಲೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. 1961ರಲ್ಲಿ ಅಲ್ಲಿಯೇ ತೀರಿಕೊಂಡರು. 2021ರ ಸೆಪ್ಟೆಂಬರ್ 12ರಂದು ಧರ್ಮಸಭೆ ಅವರನ್ನು ಪುನೀತೆ ಎಂದು, ಅಂದರೆ ಸಂತ ಪದವಿಗೆ ಹಿಂದಿನ ಮೆಟ್ಟಿಲಿಗೆ ಏರಿಸಿ, ಘೋಷಿಸಿತು. ಅವರ ಸಂಸ್ಥೆಯ ಸಿಸ್ಟರ್‌ಗಳು ಬೆಂಗಳೂರಿನ ಜ್ಯೋತಿ ಸೇವಾದಲ್ಲಿ ಅಂಧ ಮಕ್ಕಳಿಗೆ ಇಂದಿಗೂ ಆಸರೆಯಾಗಿದ್ದಾರೆ.

ಧರ್ಮಸಭೆಯ ಚರಿತ್ರೆಯೆಲ್ಲ ಹೀಗೆಯೇ ಇತ್ತು ಎಂದರೆ ಸುಳ್ಳಾಗುತ್ತದೆ. ಇಟಲಿಯ ಕಸ್ತೆಲ್ಲೊದ ಮಾರ್ಗರೆಟ್ ಹುಟ್ಟು ಅಂಧೆ, ಗಿಡ್ಡ ದೇಹ, ಕುಂಟು ನಡಿಗೆ. ತಂದೆತಾಯಿ ಕೈಬಿಟ್ಟ ಆ ಹುಡುಗಿಯನ್ನು ಸೇರಿಸಿಕೊಂಡಿದ್ದ ಮಠವೂ ಮತ್ತೆ ಹೊರಗೆ ಕಳುಹಿಸಿತು. ಡೊಮಿನಿಕನ್ನರ ಮೂರನೇ ಸಭೆಯ, ಅಂದರೆ ಮಠದ ಹೊರಗಿದ್ದೇ ಆ ಸಂಘದ ನಿಯಮ ಪಾಲಿಸುವವರ ಗುಂಪಿನ, ಸದಸ್ಯೆಯಾಗಿ, ರೋಗಿಗಳ ಮತ್ತು ಸೆರೆಯಾಳುಗಳ ಸೇವೆಯಲ್ಲಿದ್ದು 1320ರಲ್ಲಿ ತೀರಿಕೊಂಡ ಆಕೆಗೆ ಸಂತ ಪದವಿ ಸಿಕ್ಕಿದ್ದು 2021ರಲ್ಲಿ. ಏಳುನೂರು ವರ್ಷ ತಡವಾಯಿತು ಎಂಬುದು ನನಗೆ ನೋವಿನ ಸಂಗತಿಯೇ. ನಡುವೆ 1930ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಶಿಲುಬೆಯ ಯೇಸುವಿನ ಬೆನೆಡಿಕ್ಟೈನ್ ಭಗಿನಿಯರ ಸಂಸ್ಥೆ, ಅನಾರೋಗ್ಯ ಅಥವಾ ಅಂಗವೈಕಲ್ಯದಿಂದಾಗಿ ಬೇರೆಡೆ ಅವಕಾಶ ಸಿಗದ ಮಹಿಳೆಯರಿಗೆಂದೇ ಬಾಗಿಲು ತೆರೆಯಿತು.

ವ್ರತ ತೆಗೆದುಕೊಂಡ ಮೇಲೆ ಕಾಯಿಲೆ ಬಂದರೆ? ತಾತ್ಕಾಲಿಕ ವ್ರತದ ಅವಧಿಯಲ್ಲಿ ಬಂದ ಕಾಯಿಲೆಯಿಂದ ಆ ಜೀವನಕ್ಕೆ ಅನರ್ಹಳೆಂದು ತಜ್ಞರು ಅಭಿಪ್ರಾಯಪಟ್ಟರೆ ಮುಂದಿನ ವ್ರತ ನಿರಾಕರಿಸಬಹುದು ಎನ್ನುತ್ತದೆ 689ನೇ ವಿಧಿ. ಆದರೆ ಸಂಸ್ಥೆಯ ಅಲಕ್ಷ್ಯದಿಂದ ಅಥವಾ ಸಂಸ್ಥೆಗಾಗಿ ಮಾಡಿದ ಕೆಲಸದಿಂದಲೇ ಕಾಯಿಲೆ ಬಂದಿದ್ದರೆ ಆ ಕಾರಣ ಮುಂದೊಡ್ಡುವಂತಿಲ್ಲ.

ಸೇರಲು ಬಯಸುವವರಿಗೆ ಅವಸರವೇನೂ ಬೇಡ. ವ್ರತಕ್ಕೆ ಮುಂಚಿನ ತರಬೇತಿಯ ಅವಧಿಯಾದ ನೊವಿಶಿಯೇಟ್ ಕನಿಷ್ಠ 12 ತಿಂಗಳು, ಅನಂತರದ ತಾತ್ಕಾಲಿಕ ವ್ರತ ಕನಿಷ್ಠ ಮೂರು ವರ್ಷ. ಅದಕ್ಕೂ ಮೊದಲೇ ನೇರವಾಗಿ ಕೇಳಿ: ಪ್ರಾರ್ಥನಾ ಪುಸ್ತಕ ಬ್ರೈಲ್‌ನಲ್ಲಿ ಅಥವಾ ಧ್ವನಿರೂಪದಲ್ಲಿ ಇದೆಯೇ, ಪ್ರಾರ್ಥನಾ ಮಂದಿರಕ್ಕೆ ಮೆಟ್ಟಿಲಿಲ್ಲದ ದಾರಿ ಇದೆಯೇ, ಶಿಕ್ಷಕಿಯ ತರಬೇತಿಗೆ ಕಳುಹಿಸುತ್ತಾರೆಯೇ. ಕೊನೆಯ ಪ್ರಶ್ನೆಗೆ ತಡವರಿಸುವ ಉತ್ತರ ಬಂದರೆ ಇನ್ನೊಂದು ಸಂಸ್ಥೆಗೆ ಪತ್ರ ಬರೆಯಿರಿ.