ನಲವತ್ತು ಎಕರೆ ದಾಟಲು ಎರಡೇ ನಿಮಿಷ

ಅಮೆರಿಕದ ಇಂಡಿಯಾನಾ, ಇಲಿನಾಯ್, ಮಿಶಿಗನ್ ರಾಜ್ಯಗಳ ಹಳ್ಳಿಗಾಡಿನಲ್ಲಿ ಜಮೀನನ್ನು ಚೌಕ ಚೌಕವಾಗಿ ಅಳೆದಿದ್ದಾರೆ. ಒಂದು ಚದರ ಮೈಲಿಗೆ 640 ಎಕರೆ. ಅದನ್ನು ಹದಿನಾರು ಪಾಲು ಮಾಡಿದರೆ ಒಂದೊಂದು ಪಾಲು 40 ಎಕರೆ. ಅದರ ಒಂದು ಬದಿ ಸುಮಾರು 400 ಮೀಟರ್. ಜಾಡು ಹಿಡಿದ ಬೇಟೆನಾಯಿ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಓಡಿದರೂ ಇದನ್ನು ಎರಡು ನಿಮಿಷದಲ್ಲಿ ದಾಟಿಬಿಡುತ್ತದೆ. ಆಮೇಲೆ ಬರುವುದು ಇನ್ನೊಬ್ಬರ ಜಮೀನು. ಮತ್ತೆರಡು ನಿಮಿಷಕ್ಕೆ ಮತ್ತೊಬ್ಬರದು.

ಅಲ್ಲಿ ರಕೂನ್ ಬೇಟೆಗಾರರು, ಜಿಂಕೆ ಬೇಟೆಗಾರರು, ಜಮೀನಿನ ಮಾಲೀಕರು, ಈ ಮೂವರ ನಡುವೆ ವರ್ಷಾ ವರ್ಷಾ ಜಗಳ ಏಳುತ್ತದೆ. ಮೂವರೂ ಒಳ್ಳೆಯವರೇ ಆಗಿದ್ದರೂ ಏಳುತ್ತದೆ. ಮನುಷ್ಯರ ಹಟ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಯಿಯ ಮೂಗು, ರಾತ್ರಿಯ ಗಾಳಿ, ನವೆಂಬರಿನ ಹಗಲಿನ ಉದ್ದ, ಇವೂ ಆ ಜಗಳದಲ್ಲಿ ಪಾಲುದಾರರು. ಅವನ್ನು ಬಿಟ್ಟು ನ್ಯಾಯ ಹೇಳಲು ಹೋದರೆ ಯಾರಿಗೋ ಅನ್ಯಾಯ ಮಾಡಿದ ಹಾಗೆ ಆಗುತ್ತದೆ.

ಮೊದಲು ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅಮೆರಿಕದಲ್ಲಿ ಅದು ಪರವಾನಗಿ ಪಡೆದು, ಗೊತ್ತಾದ ದಿನಗಳಲ್ಲಿ ಮಾಡುವ ಕೆಲಸ. ಪರವಾನಗಿಯ ಹಣ, ಜೊತೆಗೆ 1937ರ ಒಂದು ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ಬೀಳುವ ತೆರಿಗೆ, ಇವೆರಡರಿಂದಲೇ ಅಲ್ಲಿನ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ದೊಡ್ಡ ಪಾಲು ದುಡ್ಡು ಬರುತ್ತದೆ. ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಇಲ್ಲಿರುವುದು ಬೇಟೆಗಾರರ ನಡುವಿನ ತಕರಾರು.

ರಕೂನ್ ಉತ್ತರ ಅಮೆರಿಕದ ಪ್ರಾಣಿ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದಲ್ಲಿ ಬಳೆ ಬಳೆ ಗುರುತು. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ಕೆ.ಜಿ. ತೂಕ. ಹಗಲು ಮರದ ಪೊಟರೆಯಲ್ಲಿ ಮಲಗಿ, ಕತ್ತಲಾದ ಮೇಲೆ ಹೊರಡುತ್ತದೆ. ಏಡಿ, ಹಣ್ಣು, ಹಕ್ಕಿಯ ಮೊಟ್ಟೆ, ಹೊಲದ ಮೆಕ್ಕೆಜೋಳ, ಯಾವುದನ್ನೂ ಬಿಡುವುದಿಲ್ಲ. ಹಳ್ಳಿಗಾಡಿನ ಒಂದು ಗಂಡು ರಕೂನಿನ ತಿರುಗಾಟದ ಸೀಮೆ ಎಷ್ಟೋ ಕಡೆ ಒಂದು ಚದರ ಕಿಲೋಮೀಟರಿಗಿಂತ ಜಾಸ್ತಿ, ಅಂದರೆ ಸುಮಾರು 250 ಎಕರೆ. ಆರು ಮಾಲೀಕರ ಜಮೀನನ್ನು ಅದು ತನ್ನದೇ ಅಂದುಕೊಂಡಿರುತ್ತದೆ.

ಅಪಾಯ ಬಂದರೆ ರಕೂನ್ ಮರ ಹತ್ತುತ್ತದೆ. ಈ ಬೇಟೆ ನಿಂತಿರುವುದೇ ಆ ಗುಣದ ಮೇಲೆ. ನಾಯಿಗಳು ಜಾಡು ಹಿಡಿದು ಬೊಗಳುತ್ತಾ ಓಡುತ್ತವೆ. ರಕೂನ್ ಹತ್ತಿದ ಮರ ಸಿಕ್ಕಿದ ಕೂಡಲೇ ಬುಡಕ್ಕೆ ಕಾಲು ಕೊಟ್ಟು ನಿಂತು ಒಂದೇ ಸಮ ಬೊಗಳುತ್ತವೆ. ಬೇಟೆಗಾರ ಮೈಲಿ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಇದು ಜಾಡಿನ ಕೂಗು, ಇದು ಮರದ ಕೂಗು, ಇದು ನನ್ನ ನಾಯಿ, ಅದು ಪಕ್ಕದವರದು ಅಂತ ಅವನಿಗೆ ಕತ್ತಲಲ್ಲೇ ಗೊತ್ತಾಗುತ್ತದೆ. ಬ್ಲೂಟಿಕ್, ರೆಡ್‌ಬೋನ್, ಟ್ರೀಯಿಂಗ್ ವಾಕರ್, ಪ್ಲಾಟ್ ಎಂಬ ತಳಿಗಳನ್ನು ತಲೆಮಾರುಗಳಿಂದ ಬೆಳೆಸಿದ್ದು ಈ ಮೂಗಿಗೆ, ಈ ದನಿಗೆ. ಪ್ಲಾಟ್ ನಾರ್ತ್ ಕ್ಯಾರೊಲೈನಾದ ರಾಜ್ಯ ನಾಯಿ. ಅಲಬಾಮಾದಲ್ಲಿ ಇಂಥ ನಾಯಿಗಳಿಗಾಗಿಯೇ 1937ರಿಂದ ಒಂದು ಸ್ಮಶಾನ ಇದೆ. ನಾಯಿಯ ಮೇಲಿನ ಪ್ರೀತಿ ಅಲ್ಲಿ ಎಷ್ಟು ಆಳದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1980ರ ದಶಕದ ಕೊನೆಗೆ ತುಪ್ಪಳದ ಬೆಲೆ ಕುಸಿದ ಮೇಲೆ ದುಡ್ಡಿಗಾಗಿ ಈ ಬೇಟೆಗೆ ಹೋಗುವವರು ಕಡಿಮೆ. ನಾಯಿಗಳ ರಾತ್ರಿ ಸ್ಪರ್ಧೆಗಳಲ್ಲಿ ರಕೂನನ್ನು ಕೊಲ್ಲುವುದೇ ಇಲ್ಲ. ಮರದಲ್ಲಿ ಅದರ ಕಣ್ಣು ಹೊಳೆದದ್ದು ಕಂಡರೆ ಅಂಕ, ಅಷ್ಟೇ.

ಈಗ ಮೂಗಿಗೆ ಬರೋಣ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಲಕ್ಷಗಳ ಲೆಕ್ಕದಲ್ಲಿದ್ದರೆ ನಾಯಿಯಲ್ಲಿ ಕೋಟಿಗಳ ಲೆಕ್ಕದಲ್ಲಿವೆ. ಮೂಸುವಾಗ ಅದು ಸೆಕೆಂಡಿಗೆ ಐದಾರು ಸಲ ಉಸಿರೆಳೆಯುತ್ತದೆ. ಬಿಟ್ಟ ಉಸಿರು ಹೊಳ್ಳೆಗಳ ಪಕ್ಕದ ಸೀಳಿನಿಂದ ಹೊರಹೋಗುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. 1993ರಲ್ಲಿ ನಾರ್ವೆಯ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಮನುಷ್ಯ ನಡೆದು ಹೋದ ಜಾಡಿಗೆ ಪಳಗಿದ ನಾಯಿಗಳನ್ನು ಅಡ್ಡವಾಗಿ ತಂದು ಬಿಟ್ಟರು. ಎರಡರಿಂದ ಐದು ಹೆಜ್ಜೆ ಗುರುತು ಮೂಸಿ, ಮೂರರಿಂದ ಐದು ಸೆಕೆಂಡಿನಲ್ಲಿ, ಆ ಮನುಷ್ಯ ಯಾವ ಕಡೆಗೆ ಹೋದ ಅನ್ನುವುದನ್ನು ಅವು ತೀರ್ಮಾನಿಸಿದವು. ಒಂದು ಹೆಜ್ಜೆಗೂ ಮುಂದಿನದಕ್ಕೂ ಇರುವುದು ಸೆಕೆಂಡಿನಷ್ಟು ಅಂತರ. ಅಷ್ಟರಲ್ಲಿ ವಾಸನೆ ಎಷ್ಟು ಮಾಸುತ್ತದೆ ಅನ್ನುವುದೂ ಆ ಮೂಗಿಗೆ ತಿಳಿಯುತ್ತದೆ! ಅಂಥ ಪ್ರಾಣಿಯ ಮುಂದೆ ಬೇಲಿ ಏನು ಲೆಕ್ಕ? ಮಿಸೌರಿ, ಟೆಕ್ಸಸ್ ಮುಂತಾದ ಕಡೆ ಮರದ ಕಾಂಡಕ್ಕೆ ನೇರಳೆ ಬಣ್ಣದ ಗೆರೆ ಬಳಿದರೆ ಕಾನೂನಿನ ಪ್ರಕಾರ ‘ಒಳಗೆ ಬರಬೇಡಿ’ ಎಂದರ್ಥ. ಅದು ಮನುಷ್ಯರಿಗೆ ಹಾಕಿದ ಗೆರೆ.

ರಾತ್ರಿಯ ಗಾಳಿಯದು ಇನ್ನೂ ಸ್ವಾರಸ್ಯ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ತಗ್ಗಿಗೆ ನೀರು ಹರಿಯುವ ಹಾಗೆ ಹಳ್ಳ ಕೊಳ್ಳಗಳಿಗೆ ಇಳಿಯುತ್ತದೆ. ಅದರ ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಕೆಳಗಿನ ತಣ್ಣನೆಯ, ತೇವದ ಗಾಳಿ ಅಲುಗಾಡದೆ ಇರುವುದರಿಂದ ವಾಸನೆ ಚದುರದೆ ನೆಲದ ಹತ್ತಿರವೇ ನಿಲ್ಲುತ್ತದೆ. ನಾಯಿಗೆ ಇದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ. ಆದರೆ ಇದೇ ಗಾಳಿ ಸದ್ದನ್ನೂ ಬಗ್ಗಿಸುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಸದ್ದಿನ ವೇಗ ಜಾಸ್ತಿ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್ ಇದ್ದದ್ದು ಹತ್ತು ಡಿಗ್ರಿಯಲ್ಲಿ 337 ಆಗುತ್ತದೆ. ಹಾಗಾಗಿ ಮೇಲಕ್ಕೆ ಹೊರಟ ಸದ್ದು ಆಕಾಶಕ್ಕೆ ಹೋಗಿ ಕಳೆದುಹೋಗುವುದಿಲ್ಲ. ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಹಗಲಲ್ಲಿ ಬಿಸಿ ಕೆಳಗೆ, ತಂಪು ಮೇಲೆ. ಆಗ ಸದ್ದು ಮೇಲಕ್ಕೆ ಬಾಗಿ ಬೇಗ ಅಡಗುತ್ತದೆ. ಅಂದರೆ ನಾಯಿಗಳು ಅತಿ ಚೆನ್ನಾಗಿ ಕೆಲಸ ಮಾಡುವ ರಾತ್ರಿಯೇ ಅವುಗಳ ಬೊಗಳು ಅತಿ ದೂರ ಹೋಗುತ್ತದೆ. ಕೂಗಳತೆಯಾಚೆಯ ಮನೆಯಲ್ಲಿ ಮಲಗಿದ ಮಾಲೀಕನಿಗೆ ನಾಯಿಗಳು ತನ್ನ ಹಿತ್ತಿಲಲ್ಲೇ ಇದ್ದ ಹಾಗೆ ಕೇಳಿಸುತ್ತದೆ. ಅವನು ಸಿಟ್ಟಾಗುವುದು ಸುಮ್ನೆ ಅಲ್ಲ. ಅವನ ಕಿವಿಗೆ ಬಿದ್ದದ್ದು ನಿಜ. ನಾಯಿಗಳು ಅವನ ಜಮೀನಿನಲ್ಲಿ ಇರಲಿಲ್ಲ ಎಂಬ ಬೇಟೆಗಾರನ ಮಾತೂ ಎಷ್ಟೋ ಸಲ ನಿಜ.

ಇನ್ನು ಜಿಂಕೆ ಬೇಟೆಗಾರ. ಅವನು ಬೆಳಕು ಹರಿಯುವ ಮುಂಚೆ ಬಂದು ಮರದ ಮೇಲಿನ ಅಟ್ಟಣಿಗೆಯಲ್ಲಿ ಅಲುಗಾಡದೆ ಕೂರುತ್ತಾನೆ. ಹಗಲು ಅವನದು, ರಾತ್ರಿ ನಾಯಿಯವರದು. ಕಾಗದದ ಮೇಲೆ ಇಬ್ಬರೂ ಎದುರಾಗುವುದೇ ಇಲ್ಲ, ಅಲ್ವಾ? ಹಾಗಾದರೆ ನವೆಂಬರಿನಲ್ಲೇ ಯಾಕೆ ಕಿತ್ತಾಟ? ಶರತ್ಕಾಲದಲ್ಲಿ ಹಗಲು ಕುಗ್ಗುತ್ತಾ ಬಂದ ಹಾಗೆ ಪ್ರಾಣಿಗಳ ಮೆದುಳಿನಲ್ಲಿ ಕತ್ತಲಿನ ಹೊತ್ತು ಹುಟ್ಟುವ ಮೆಲಟೋನಿನ್ ಎಂಬ ಹಾರ್ಮೋನ್ ಸುರಿಯುವ ಹೊತ್ತು ಉದ್ದವಾಗುತ್ತದೆ. ಉತ್ತರದ ರಾಜ್ಯಗಳ ಬಿಳಿಬಾಲದ ಜಿಂಕೆಗೆ ಇದು ಬೆದೆಗಾಲದ ಸೂಚನೆ. ಅದರ ತುರುಸು ನವೆಂಬರ್ ನಡುವಿಗೆ. ಸುಮಾರು 200 ದಿನ ಬಸಿರು, ಮರಿ ಹುಟ್ಟುವ ಹೊತ್ತಿಗೆ ಮೇ ಕೊನೆ, ಜೂನ್, ಎಳೆ ಹುಲ್ಲಿನ ಕಾಲ. ರಕೂನಿಗೂ ಅದೇ ಕುಗ್ಗುವ ಹಗಲು ಇನ್ನೊಂದು ಸೂಚನೆ ಕೊಡುತ್ತದೆ, ಚಳಿಗಾಲದ ದಟ್ಟ ತುಪ್ಪಳ ಬೆಳೆಸು ಅಂತ. ತುಪ್ಪಳ ಬಲಿಯುವ ಹೊತ್ತಿಗೆ ಸರ್ಕಾರ ಬೇಟೆ ತೆರೆಯುತ್ತದೆ. ಎಷ್ಟೋ ರಾಜ್ಯಗಳಲ್ಲಿ ಅದು ನವೆಂಬರ್ ಎರಡನೇ ವಾರದ ಆಸುಪಾಸು. ಜಿಂಕೆಯವರು ವರ್ಷವೆಲ್ಲ ಕಾದು ರಜೆ ಹಾಕುವುದೂ ಅದೇ ವಾರ, ಏಕೆಂದರೆ ಬೆದೆಗೆ ಬಂದ ದೊಡ್ಡ ಗಂಡು ಜಿಂಕೆ ಹಗಲಲ್ಲೂ ಓಡಾಡುವುದು ಹೆಚ್ಚಾಗಿ ಆಗಲೇ. ಒಂದೇ ಸೂರ್ಯ ಎರಡೂ ಬೇಟೆಯನ್ನು ಒಂದೇ ಪುಟದ ಮೇಲೆ ಬರೆದಿದ್ದಾನೆ.

‘ರಾತ್ರಿ ನಿಮ್ಮ ನಾಯಿ ಓಡಾಡಿದರೆ ಬೆಳಿಗ್ಗೆ ನನಗೆ ಜಿಂಕೆ ಇಲ್ಲ’ ಎನ್ನುವುದು ಜಿಂಕೆಯವರ ದೂರು. ವಿಜ್ಞಾನ ಇದನ್ನು ಪೂರ್ತಿ ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಗ್ನೇಯ ರಾಜ್ಯಗಳ ಜಿಂಕೆಗಳ ಕೊರಳಿಗೆ ರೇಡಿಯೊ ಕಟ್ಟಿ, ಬೇಕೆಂದೇ ಬೇಟೆನಾಯಿಗಳನ್ನು ಹಿಂದೆ ಬಿಟ್ಟರು. ಎಷ್ಟೋ ಸಲ ಜಿಂಕೆಗಳು ತಮ್ಮ ಸೀಮೆ ಬಿಟ್ಟು ಓಡಿದವು. ಆದರೆ ಬಹುತೇಕ ಒಂದು ದಿನದೊಳಗೆ ವಾಪಸ್ ಬಂದವು. ಅದು ಜಿಂಕೆಯನ್ನೇ ಅಟ್ಟುವ ನಾಯಿಗಳ ಕತೆ. ಪಳಗಿದ ರಕೂನ್ ನಾಯಿ ಜಿಂಕೆಯ ಜಾಡನ್ನು ಮೂಸಿಯೂ ಬಿಟ್ಟುಬಿಡಬೇಕು. ಸ್ಪರ್ಧೆಯಲ್ಲಿ ಜಿಂಕೆಯ ಹಿಂದೆ ಹೋದ ನಾಯಿಯನ್ನು ಹೊರಗೆ ಹಾಕುತ್ತಾರೆ. ಸೌತ್ ಕ್ಯಾರೊಲೈನಾದಲ್ಲಿ ಜಿಪಿಎಸ್ ಕಟ್ಟಿ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಬೇಟೆಗಾರ ಕೂತು ಹೋದ ಅಟ್ಟಣಿಗೆಯ ಸುತ್ತ ಹಗಲು ಹೊತ್ತು ಜಿಂಕೆಗಳ ಸುಳಿದಾಟವೇ ಕೆಲವು ದಿನ ತಗ್ಗುತ್ತದೆ. ಜಿಂಕೆಯನ್ನು ಹೆದರಿಸುವವರಲ್ಲಿ ಜಿಂಕೆ ಬೇಟೆಗಾರನೂ ಒಬ್ಬ. ಇಷ್ಟಾದರೂ ಅವನ ನೋವನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಜಿಂಕೆಗೆ ಒಂದು ದಿನ ಏನೂ ಅಲ್ಲ. ಮೂರೇ ದಿನ ರಜೆ ಸಿಕ್ಕಿದವನಿಗೆ ಆ ಒಂದು ದಿನ ದೊಡ್ಡದು. ಎಕರೆಗೆ ಇಷ್ಟು ಅಂತ ದುಡ್ಡು ಕೊಟ್ಟು ಜಮೀನು ಗುತ್ತಿಗೆ ಹಿಡಿದಿದ್ದರಂತೂ ಕೇಳುವುದೇ ಬೇಡ.

ನಾಯಿಯವರ ಸಂಕಟಕ್ಕೆ ಇತಿಹಾಸದ ಒಂದು ಕಾರಣವೂ ಇದೆ. 1893ರ ಹೊತ್ತಿಗೆ ಇಂಡಿಯಾನಾದಲ್ಲಿ ಜಿಂಕೆಗಳೇ ಉಳಿದಿರಲಿಲ್ಲ. 1934ರಲ್ಲಿ ಹೊರಗಿನಿಂದ ತಂದು ಬಿಡಲು ಶುರು ಮಾಡಿದರು. ಮತ್ತೆ ಜಿಂಕೆ ಬೇಟೆ ತೆರೆದದ್ದು 1951ರಲ್ಲಿ. ಇವತ್ತಿನ ರಕೂನ್ ಬೇಟೆಗಾರರ ಅಜ್ಜಂದಿರು ನಾಯಿ ಬಿಡುತ್ತಿದ್ದ ಕಾಡಿನಲ್ಲಿ ಜಿಂಕೆಯೂ ಇರಲಿಲ್ಲ, ಅಟ್ಟಣಿಗೆಯೂ ಇರಲಿಲ್ಲ. ಅಕ್ಕಪಕ್ಕದ ರೈತರು ಗುರುತಿನವರು. ಜೋಳ ತಿನ್ನುವ ರಕೂನನ್ನು ಹಿಡಿದುಕೊಂಡು ಹೋದರೆ ಅವರಿಗೂ ಖುಷಿ. ಈಗ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಸುಮಾರು ಮೂರು ಕೋಟಿ. 2016ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 1.15 ಕೋಟಿ ಬೇಟೆಗಾರರಲ್ಲಿ 81 ಲಕ್ಷ ಮಂದಿ ಜಿಂಕೆಯವರು. ದುಡ್ಡೂ ಮತವೂ ಅವರ ಕಡೆ. ಜಮೀನು ಚೂರು ಚೂರಾಗಿ ಪಟ್ಟಣದವರ ಕೈಗೆ ಹೋಗಿದೆ. ಅಜ್ಜ ಒಬ್ಬರನ್ನು ಕೇಳಿದರೆ ಸಾಕಿತ್ತು, ಮೊಮ್ಮಗ ಹತ್ತು ಜನರನ್ನು ಕೇಳಬೇಕು.

ಹಾಗಂತ ನಾಯಿಯವರ ಲೆಕ್ಕ ಪೂರ್ತಿ ಚೊಕ್ಕವೂ ಅಲ್ಲ. 1970ರ ದಶಕದಲ್ಲಿ ಬೇಟೆ ಕ್ಲಬ್‌ಗಳು ಫ್ಲಾರಿಡಾ ಕಡೆಯಿಂದ ಸಾವಿರಾರು ರಕೂನ್‌ಗಳನ್ನು ಲಾರಿಯಲ್ಲಿ ತಂದು ವರ್ಜೀನಿಯಾ ಸುತ್ತಮುತ್ತ ಬಿಟ್ಟರು. ಬೇಟೆಗೆ ಸಾಕಷ್ಟು ರಕೂನ್ ಇರಲಿ ಅಂತ. ಅವುಗಳ ಜೊತೆ ರೇಬಿಸ್ ಬಂತು. 1977ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಕಾಣಿಸಿಕೊಂಡ ರಕೂನ್ ರೇಬಿಸ್ ಮುಂದೆ ಪೂರ್ವ ಕರಾವಳಿಯ ಉದ್ದಕ್ಕೂ ಹಬ್ಬಿತು. ಅದು ಪಶ್ಚಿಮಕ್ಕೆ ದಾಟದ ಹಾಗೆ ತಡೆಯಲು ಸರ್ಕಾರ ಇವತ್ತಿಗೂ ವಿಮಾನದಿಂದ ಲಸಿಕೆ ತುಂಬಿದ ತಿಂಡಿಯನ್ನು ಕಾಡಿಗೆ ಉದುರಿಸುತ್ತಿದೆ. ಒಂದು ತಲೆಮಾರಿನ ಆತುರಕ್ಕೆ ಮೂರು ತಲೆಮಾರು ತೆರಿಗೆ ಕಟ್ಟುತ್ತಿದೆ. ಇದನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ವರ್ಜೀನಿಯಾದಲ್ಲಿ ಬೇರೆ ಕಡೆ ಶುರುವಾದ ಓಟ ನಿಷೇಧಿತ ಜಮೀನಿಗೆ ನುಗ್ಗಿದರೆ, ನರಿ ಮತ್ತು ರಕೂನ್ ಬೇಟೆಗಾರರು ನಾಯಿಯ ಹಿಂದೆಯೇ ಹೋಗಬಹುದು. ಮಿಕ್ಕ ಬೇಟೆಗಾರರು ಬಂದೂಕು ಬಿಟ್ಟು, ನಾಯಿಯನ್ನು ಕರೆತರಲು ಮಾತ್ರ ಹೋಗಬಹುದು. ಮಾಲೀಕ ಕೇಳಿದರೆ ಹೆಸರು ಹೇಳಲೇಬೇಕು. 2021ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಖಾಸಗಿ ಜಮೀನಿಗೆ ಕಾಲಿಡುವ ಹಕ್ಕನ್ನು ಸರ್ಕಾರ ಬೇರೆಯವರಿಗೆ ಕೊಟ್ಟರೆ ಅದು ಆಸ್ತಿ ಕಿತ್ತುಕೊಂಡಂತೆ ಎಂದಿತು. ಅದು ಕೃಷಿ ಕಾರ್ಮಿಕ ಸಂಘದವರ ಪ್ರವೇಶದ ವಿಷಯ. ಆದರೆ ಆಮೇಲೆ ಅದೇ ವಾದ ಹಿಡಿದು ವರ್ಜೀನಿಯಾದ ಮಾಲೀಕರು ನಾಯಿ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. ಮಿನೆಸೋಟದ ದಾರಿ ಸರಳ: ಕಾಲ್ನಡಿಗೆಯಲ್ಲಿ ಹೋಗಬಹುದು, ನಾಯಿಯನ್ನು ಹಿಡಿದ ಕೂಡಲೇ ಹೊರಗೆ ಬರಬೇಕು.

ಸುಮಾರು 2007ರಿಂದ ನಾಯಿಯ ಕೊರಳಿಗೆ ಜಿಪಿಎಸ್ ಪಟ್ಟಿ ಬಂದಿದೆ. ನಾಯಿ ಎಲ್ಲಿದೆ ಅಂತ ಕೈಯಲ್ಲಿರುವ ಪರದೆ ಕೆಲವೇ ಸೆಕೆಂಡಿಗೊಮ್ಮೆ ತೋರಿಸುತ್ತದೆ. ಯಾರ ಜಮೀನಿನ ಗಡಿ ಎಲ್ಲಿ ಅನ್ನುವುದೂ ಫೋನಿನಲ್ಲೇ ಕಾಣುತ್ತದೆ. ಸದ್ದು ಕೇಳಿ ಸಿಟ್ಟಾದ ಮಾಲೀಕನಿಗೆ ಬೇಟೆಗಾರ ಆ ರಾತ್ರಿಯ ಓಟದ ಗೆರೆಯನ್ನೇ ತೋರಿಸಬಹುದು. ಗೆರೆ ಗಡಿ ದಾಟಿದ್ದರೆ ಒಪ್ಪಿಕೊಳ್ಳಲೂ ಬೇಕು.

‘ಜಿಂಕೆ ಕಾಲ ಮುಗಿಯಲಿ, ಜನವರಿಯಲ್ಲಿ ಬನ್ನಿ’ ಎಂದು ಕೆಲವು ಮಾಲೀಕರು ಹೇಳುತ್ತಾರೆ. ಒಳ್ಳೆಯ ಮಾತು, ಆದರೆ ಪುಕ್ಕಟೆ ಅಲ್ಲ. ಉತ್ತರದಲ್ಲಿ ಹಿಮ ಬಿದ್ದು ಚಳಿ ಏರಿದರೆ ರಕೂನ್ ಶರತ್ಕಾಲದಲ್ಲಿ ತುಂಬಿಕೊಂಡ ಕೊಬ್ಬಿನ ಮೇಲೆ ದಿನಗಟ್ಟಲೆ ಪೊಟರೆಯಲ್ಲೇ ಮಲಗಿರುತ್ತದೆ. ಎಷ್ಟೋ ಕಡೆ ಜನವರಿ ಕೊನೆಗೆ ಬೇಟೆಯೂ ಮುಗಿಯುತ್ತದೆ. ಜನವರಿಗೆ ಒಪ್ಪಿಕೊಂಡ ನಾಯಿಯವನು ತನ್ನ ಒಳ್ಳೆಯ ರಾತ್ರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬಿಟ್ಟುಕೊಟ್ಟಿರುತ್ತಾನೆ. ಅದಕ್ಕೆ ಬದಲಾಗಿ ಅವನಿಗೂ ಏನಾದರೂ ಸಿಗಬೇಕಲ್ಲ? ಬೇಡ ಅನ್ನುವ ಮಾಲೀಕನ ಹಕ್ಕನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇಟೆಯಾಡಲು ಒಪ್ಪಿಗೆ ಇಲ್ಲದೆ ಯಾರೂ ಒಳಗೆ ಹೋಗಬಾರದು. ಆದರೆ ದಾರಿ ತಪ್ಪಿ ಒಳಹೋದ ನಾಯಿಯನ್ನು ಬರಿಗೈಯಲ್ಲಿ, ಕಾಲ್ನಡಿಗೆಯಲ್ಲಿ ಹೋಗಿ, ಕೇಳಿದವರಿಗೆ ಹೆಸರು ಹೇಳಿ ಕರೆತರುವ ಅವಕಾಶ ಎಲ್ಲ ರಾಜ್ಯಗಳಲ್ಲೂ ಇರಬೇಕು. ಆ ನಾಯಿಯ ಮೇಲೆ ಗುಂಡು ಹಾರಿಸಿದವನಿಗೆ ಶಿಕ್ಷೆಯೂ ಆಗಬೇಕು.